ಏರಿನಲ್ಲಿ ಎಣಿಸಿದವಳು

"ಸುಮ್ನಿರಿ ಪಪ್ಪಾ, ಎಣಿಸ್ತಾ ಇದ್ದೀನಿ."

ಭಾನುವಾರದಿಂದ ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಪೊನ್ನಂಪೇಟೆ ಕಡೆ ಕ್ರಾಸ್ ಕಂಟ್ರಿ ಓಟ, ಹುಡುಗಿಯರಿಗೆ 4 ಕಿಲೋಮೀಟರ್. ಪಕ್ಕದ ಮನೆ ಹುಡುಗಿ ಓಡುತ್ತಿದ್ದಳು. ಮೊದಲ ಏರಿನ ಹತ್ತಿರ ನಾನೂ ಅವಳಪ್ಪನೂ ನಿಂತಿದ್ದೆವು. ಹತ್ತು ಹನ್ನೆರಡು ಜನರ ಹಿಂದೆ ಬಂದಳು. ಅಪ್ಪನಿಗೆ ತಡೆಯಲಾಗಲಿಲ್ಲ. "ಏನೇ ಇದು, ವಾಕಿಂಗಾ? ಹಿಂದೆ ಹಾಕು ಅವರನ್ನ!" ಅಂತ ಕೂಗಿದರು. ಅವಳು ತಲೆ ತಿರುಗಿಸದೆ ಅಷ್ಟು ಹೇಳಿ ಹೋಗಿಬಿಟ್ಟಳು.

ಏನು ಎಣಿಸ್ತಿದ್ದೆ ಅಂತ ಆಮೇಲೆ ಕೇಳಿದೆ. "ಮುಂದಿದ್ದವರಲ್ಲಿ ಎಷ್ಟು ಜನರ ಉಸಿರು ನನ್ನ ತನಕ ಕೇಳಿಸ್ತಿದೆ, ಎಷ್ಟು ಜನರ ಭುಜ ಕಿವಿ ಹತ್ತಿರ ಬಂದಿದೆ ಅಂತ ಅಂಕಲ್. ಹಾಗೆ ಸುಸ್ತಾದವರು ಐದು ಜನ ಸಿಕ್ಕಿದ್ರು."

ಹಾಗಂತ ಅವಳು ಮೆಲ್ಲಗೆ ಶುರು ಮಾಡಿದವಳಲ್ಲ. ಮೈದಾನ ದಾಟಿದ ಮೇಲೆ ದಾರಿ ತೋಟದೊಳಗೆ ಹೋಗುತ್ತದೆ, ಆ ಕಡೆ ಈ ಕಡೆ ರೋಬಸ್ಟಾ ಕಾಫಿ ಗಿಡ, ನಡುವೆ ಒಬ್ಬರು ಹೋಗುವಷ್ಟೇ ಜಾಗ, ಅಲ್ಲಿ ಹಿಂದೆ ಸಿಕ್ಕಿಹಾಕಿಕೊಂಡರೆ ಮುಗೀತು. ಅದಕ್ಕೇ ಗೇಟಿನ ತನಕ ಜೋರಾಗಿ ಓಡಿ ಜಾಗ ಹಿಡಿದಳು. ಆಮೇಲೆ ಕೈ ಸಡಿಲ ಬಿಟ್ಟಳು. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿದಳು. ಸಮತಟ್ಟಿನ ವೇಗವನ್ನೇ ಏರಿನಲ್ಲೂ ಹಿಡಿಯುತ್ತೇನೆ ಅಂದರೆ ಕಾಲು ಅಲ್ಲೇ ಕೈ ಕೊಡುತ್ತದೆ. ಈ ಓಟದಲ್ಲಿ ಕೈಗಡಿಯಾರದ ಲೆಕ್ಕಕ್ಕೆ ಅಷ್ಟು ಬೆಲೆಯೂ ಇಲ್ಲ. ಒಂದೊಂದು ಕಡೆ ಒಂದೊಂದು ಥರ ಮಣ್ಣು, ನೋಡೋದು ಎಷ್ಟನೆಯವರಾಗಿ ಬಂದಿರಿ ಅಂತ ಮಾತ್ರ.

ಅವಳು ಹಿಂದೆ ಹಾಕಿದ್ದು ಏರಿನಲ್ಲೂ ಅಲ್ಲ, ಏರು ಮುಗಿದ ತಕ್ಷಣ. ಎಲ್ಲರೂ ತುದಿ ಮುಟ್ಟಿ "ಉಸ್" ಅಂತ ಸ್ವಲ್ಪ ಸಡಿಲ ಆಗುತ್ತಾರಲ್ಲ, ಅಲ್ಲಿ. ಆ ಹೊತ್ತಿಗೆ ಅವಳ ಹತ್ತಿರ ಇನ್ನೂ ಉಸಿರಿತ್ತು. ಎಣಿಸಿದ್ದ ಐವರೂ ಎರಡನೇ ಏರು ಮುಗಿಯುವಷ್ಟರಲ್ಲಿ ಹಿಂದೆ ಬಿದ್ದಿದ್ದರು.

ದೊಡ್ಡವರೂ ಇದರಲ್ಲಿ ಮುಗ್ಗರಿಸಿದ್ದಾರೆ. 2017ರಲ್ಲಿ ಕಂಪಾಲಾದಲ್ಲಿ ವಿಶ್ವ ಕ್ರಾಸ್ ಕಂಟ್ರಿ. ಉಗಾಂಡಾದ ಜೋಶುವಾ ಚೆಪ್ಟೆಗೈ ಸ್ವಂತ ಜನರ ಮುಂದೆ ಎಲ್ಲರನ್ನೂ ಬಿಟ್ಟು ಓಡಿದರು, ಕೊನೆ ಸುತ್ತಿನಲ್ಲಿ ಕಾಲೇ ಏಳಲಿಲ್ಲ, 30ನೆಯವರಾದರು. ಅದೇ ಮನುಷ್ಯ 2019ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಗೆದ್ದರು. ಮೊದಲು ಸೋತ ಆ ದಿನ ಕಂಪಾಲಾದ ಜನ ಎಷ್ಟು ಕೂಗಿರಬೇಡ!

ನಮ್ಮ ಕೊಡಗಿನವರಿಗೆ ಈ ಕೂಗಾಟ ಹಾಕಿಯಿಂದ ಬಂದದ್ದು ಅಂತ ನನ್ನ ಗುಮಾನಿ. 1997ರಲ್ಲಿ ಕರಡದಲ್ಲಿ ಕುಟುಂಬ ಹಾಕಿ, ಅಂದರೆ ಕೊಡವ ಮನೆತನಗಳ ನಡುವಿನ ಪಂದ್ಯಾವಳಿ, ಶುರುವಾದಾಗಿನಿಂದ ಗ್ಯಾಲರಿಯಲ್ಲಿ ಕೂತು ಕೋಚ್ ಆಗದವರು ಯಾರಿದ್ದಾರೆ ಹೇಳಿ? ಅಲ್ಲಿ ಅದು ಚೆಂದ, ಹನ್ನೊಂದು ಜನ ಹಂಚಿಕೊಳ್ಳುತ್ತಾರೆ. ಇಲ್ಲಿ ಒಂದೇ ಮಗು ಅಷ್ಟೂ ಕೂಗನ್ನು ಹೊತ್ತುಕೊಂಡು ಏರು ಹತ್ತಬೇಕು. ಪರೀಕ್ಷೆ, ಸೀಟು, ಕೆಲಸ ಎಲ್ಲದರಲ್ಲೂ ನಾವು ಹಾಗೇ ಅಲ್ವಾ, ಮೊದಲ ಏರಿನಲ್ಲೇ ಮುಂದಿರಬೇಕು ಅಂತ. ಅಪ್ಪ ಕೆಟ್ಟವರಲ್ಲ. ಬೆಳಗ್ಗೆ ಐದಕ್ಕೆ ಎದ್ದು ಮಗಳ ಜೊತೆ ಟಾರ್ಚ್ ಹಿಡಿದು ಹೋಗುವ ಮನುಷ್ಯ. ಆದರೆ ಬಾಯಿ!

ಐದನೆಯವಳಾಗಿ ಬಂದಳು. ಅಪ್ಪ ಅಲ್ಲೇ ಟೀಚರ್ ಹತ್ತಿರ "ಏರಲ್ಲಿ ನಾನೊಂದು ಕೂಗು ಹಾಕಿದೆ ನೋಡಿ, ಅದಕ್ಕೇ ಎದ್ದಳು" ಅನ್ನುತ್ತಿದ್ದರು. ನಾನೇನೂ ಹೇಳಲು ಹೋಗಲಿಲ್ಲ. ಮುಂದಿನ ಸಲ ಅವರನ್ನು ಗೆಲುವಿನ ಗೆರೆಯ ಹತ್ತಿರವೇ ನಿಲ್ಲಿಸಬೇಕು, ಅಲ್ಲಿ ಎಷ್ಟು ಬೇಕಾದರೂ ಕೂಗಲಿ.