ಸಿನಿಮಾದ ರೆಡ್‌ವುಡ್ ಕಾಡು ನೋಡಬೇಕಾ? ಮ್ಯೂರ್ ವುಡ್ಸ್ ಬಿಟ್ಟು ಇನ್ನೂ ಮೇಲೆ ಹೋಗಿ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾಗೆ ಊರಿಂದ ಯಾರೇ ಬಂದರೂ ನಾವು ರೆಡ್‌ವುಡ್ ಅನ್ನೋ ದೈತ್ಯ ಮರಗಳ ಕಾಡಾದ ಮ್ಯೂರ್ ವುಡ್ಸ್‌ಗೆ ಕರೆದುಕೊಂಡು ಹೋಗ್ತೀವಿ, ಅಲ್ವಾ? ಹತ್ತಿರ ಇದೆ, ಚೆನ್ನಾಗಿದೆ, ಸರಿ. ಆದರೆ ಸಿನಿಮಾದಲ್ಲಿ ನೋಡಿದ ಕಾಡು ಅದೇ ಅಂದುಕೊಂಡು ಹೋಗಬೇಡಿ. ಹಿಚ್‌ಕಾಕ್‌ನ 'ವರ್ಟಿಗೋ'ದಲ್ಲಿ ಮ್ಯೂರ್ ವುಡ್ಸ್ ಅಂತ ತೋರಿಸಿದ ಕಾಡು ನಿಜವಾಗಿ ಬಿಗ್ ಬೇಸಿನ್. ಅದೂ 2020ರ ಬೆಂಕಿಯಲ್ಲಿ ಬಹುಪಾಲು ಸುಟ್ಟಿತು.

ಶೂಟಿಂಗ್ ಆದ ಜಾಗವೇ ಬೇಕು ಅಂದರೆ 101ನೇ ಹೆದ್ದಾರಿ ಹಿಡಿದು ಉತ್ತರದ ಹಂಬೋಲ್ಟ್ ಕೌಂಟಿಗೆ ಹೋಗಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಐದು ಗಂಟೆ ಬರೀ ಡ್ರೈವಿಂಗೇ ಆಗುತ್ತದೆ, ಹಾಗಾಗಿ ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಬೇಡ. ಯುರೇಕಾ ಅಥವಾ ಆರ್ಕಾಟಾದಲ್ಲಿ ರೂಮ್ ಮಾಡಿ.

ಮೊದಲು ಚೀಟಮ್ ಗ್ರೋವ್. ಇದು ಗ್ರಿಜ್ಲಿ ಕ್ರೀಕ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿಗೆ ಸೇರಿದ್ದು. ಫಾರ್ಚುನಾ ಹತ್ತಿರ 101 ಬಿಟ್ಟು 36ನೇ ಹೆದ್ದಾರಿಗೆ ತಿರುಗಬೇಕು. 1983ರ ಸ್ಟಾರ್ ವಾರ್ಸ್ ಸಿನಿಮಾ 'ರಿಟರ್ನ್ ಆಫ್ ದಿ ಜೆಡೈ'ನಲ್ಲಿ ಮರಗಳ ನಡುವೆ ಹಾರುವ ಬೈಕುಗಳ ಚೇಸ್ ಇದೆಯಲ್ಲ, ಅದರ ಹಿನ್ನೆಲೆ ಇಲ್ಲಿಯದು. ಮಜಾ ಏನಂದ್ರೆ, ಇಲ್ಲಿ ಯಾವ ಬೈಕೂ ಓಡಿಲ್ಲ. ನಡೆಯುವಾಗಲೂ ಚಿತ್ರ ಅಲುಗಾಡದಂತೆ ಕ್ಯಾಮೆರಾ ಹಿಡಿಯುವ ಸ್ಟೆಡಿಕ್ಯಾಮ್ ಸಾಧನ ಕಂಡುಹಿಡಿದ ಗ್ಯಾರೆಟ್ ಬ್ರೌನ್ ಕ್ಯಾಮೆರಾ ಹೊತ್ತು ಈ ಕಾಡಲ್ಲಿ ನಡೆದರು, ಅಷ್ಟೇ. ಸೆಕೆಂಡಿಗೆ ಒಂದು ಫ್ರೇಮಿಗಿಂತಲೂ ಕಡಿಮೆ ವೇಗದಲ್ಲಿ ಶೂಟ್ ಮಾಡಿ ಮಾಮೂಲಿ 24 ಫ್ರೇಮಿನಲ್ಲಿ ಓಡಿಸಿದಾಗ ಅದು ಆ ಪರಿ ಸ್ಪೀಡಾಗಿ ಕಂಡಿತು. ನಟರನ್ನು ಸ್ಟುಡಿಯೋದಲ್ಲಿ ಬೇರೆ ಶೂಟ್ ಮಾಡಿ ಸೇರಿಸಿದರು.

ಅದೇ ಸಿನಿಮಾದ ಉಳಿದ ಕಾಡಿನ ದೃಶ್ಯಗಳನ್ನು ತೆಗೆದದ್ದು ಇನ್ನೂ ಉತ್ತರಕ್ಕೆ, ಸ್ಮಿತ್ ರಿವರ್ ಹತ್ತಿರ, ಒಂದು ಮರದ ಕಂಪನಿಯ ಖಾಸಗಿ ಜಮೀನಿನಲ್ಲಿ. ಆ ಮರಗಳನ್ನು ಆಮೇಲೆ ಕಡಿದುಬಿಟ್ಟರು. ಸುಮ್ನೆ ಹುಡುಕಿಕೊಂಡು ಅಲೆಯಬೇಡಿ. ಪಾರ್ಕಿನೊಳಗೆ ಇದ್ದದ್ದಕ್ಕೆ ಚೀಟಮ್ ಉಳಿದಿದೆ. ಸಣ್ಣ ಸುತ್ತು, ವಯಸ್ಸಾದವರೂ ಆರಾಮಾಗಿ ನಡೆಯಬಹುದು. ಪಾರ್ಕಿಂಗ್ ಅಂತ ಇರುವುದು ರಸ್ತೆ ಪಕ್ಕದ ಪುಟ್ಟ ಜಾಗ. ಪೆಟ್ರೋಲ್, ಬಾತ್‌ರೂಮ್ ಎಲ್ಲ ಫಾರ್ಚುನಾದಲ್ಲೇ ಮುಗಿಸಿ. ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಸಿಗ್ನಲ್ ನಂಬಬೇಡಿ.

ಮಾರನೇ ದಿನಕ್ಕೆ ಫರ್ನ್ ಕ್ಯಾನಿಯನ್, ಪ್ರೇರಿ ಕ್ರೀಕ್ ಪಾರ್ಕಿನಲ್ಲಿ. 1997ರ ಜುರಾಸಿಕ್ ಪಾರ್ಕ್ ಸರಣಿಯ 'ದಿ ಲಾಸ್ಟ್ ವರ್ಲ್ಡ್'ನಲ್ಲಿ ಸಣ್ಣ ಡೈನೋಸಾರ್‌ಗಳ ಹಿಂಡು ಒಬ್ಬನನ್ನು ಬೆನ್ನಟ್ಟುತ್ತದಲ್ಲ, ಆ ಜಾಗ. ಎರಡೂ ಕಡೆ ಸುಮಾರು 50 ಅಡಿ ಗೋಡೆ, ಮೇಲಿಂದ ಕೆಳಗಿನವರೆಗೂ ಜರಿಗಿಡ, ಮಧ್ಯೆ ಹಳ್ಳ. ಮಕ್ಕಳಿಗೆ ಇದೇ ಜಾಸ್ತಿ ಇಷ್ಟ ಆಗೋದು. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಮೊದಲೇ ಆನ್‌ಲೈನಲ್ಲಿ ಪರ್ಮಿಟ್ ತೆಗೆಯಬೇಕು. ಪರ್ಮಿಟ್ ಇಲ್ಲದೆ ಅಷ್ಟು ದೂರ ಹೋಗಿ ಗೇಟಿನಿಂದ ವಾಪಸ್ ಬರೋದು ಯಾರಿಗೆ ಬೇಕು? ಅಲ್ಲಿಗೆ ಹೋಗುವ ಡೇವಿಸನ್ ರಸ್ತೆ ಮಣ್ಣಿನದು, ಗುಂಡಿ ಇರುತ್ತದೆ, ಕೊನೆಗೆ ಹಳ್ಳ ದಾಟಿಯೇ ಕಾರು ಹೋಗಬೇಕು. ಮಳೆಗಾಲದಲ್ಲಿ ಮುಚ್ಚುವುದೂ ಉಂಟು, ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟ್ ನೋಡಿ. ಒಳಗೆ ಕಾಲು ನೆನೆಯುತ್ತದೆ. ಬೇಸಿಗೆಯಲ್ಲಿ ಹಲಗೆ ಹಾಕಿರುತ್ತಾರೆ, ಆದರೂ ಇನ್ನೊಂದು ಜೊತೆ ಸಾಕ್ಸ್ ಇರಲಿ.

ಫೋಟೋ ತೆಗೆಯುವವರಿಗೆ: ಬಿಸಿಲು ಚೆನ್ನಾಗಿದ್ದ ದಿನವೇ ಇಲ್ಲಿ ಫೋಟೋ ಕೆಡುತ್ತದೆ. ಅಲ್ಲಲ್ಲಿ ಬಿಸಿಲಿನ ಚೂರು, ಉಳಿದದ್ದೆಲ್ಲ ಕಪ್ಪು. ಮಂಜು ಕವಿದ ಬೆಳಗ್ಗೆ ಹೋಗಿ. ಮುನ್ನೂರು ಅಡಿ ಮರ ಪೂರ್ತಿ ಫ್ರೇಮಿಗೆ ಬರೋದಿಲ್ಲ, ದಾರಿ ಪಕ್ಕದ ಮರದ ಹತ್ತಿರ, ದಾರಿಯಲ್ಲೇ ಒಬ್ಬರನ್ನು ನಿಲ್ಲಿಸಿದರೆ ಗಾತ್ರ ಗೊತ್ತಾಗುತ್ತದೆ. ಡ್ರೋನ್ ಮನೆಯಲ್ಲೇ ಬಿಡಿ, ಫರ್ನ್ ಕ್ಯಾನಿಯನ್ ಕಡೆ ನಿಷೇಧ. ಕಿರುಚಿತ್ರ, ಜಾಹೀರಾತು ಅಂತ ವೃತ್ತಿಪರವಾಗಿ ಶೂಟ್ ಮಾಡುವ ಯೋಚನೆ ಇದ್ದರೆ ಸ್ಟೇಟ್ ಪಾರ್ಕುಗಳಿಗೆ ಕ್ಯಾಲಿಫೋರ್ನಿಯಾ ಫಿಲ್ಮ್ ಕಮಿಷನ್ ಅನುಮತಿ ಬೇಕು.

ಒಳ್ಳೆ ಫೋಟೋ ಆಸೆಗೆ ದಾರಿ ಬಿಟ್ಟು ಮರದ ಬುಡಕ್ಕೆ ಹೋಗಬೇಡಿ. ಅಷ್ಟೆತ್ತರದ ಮರಕ್ಕೂ ಬೇರು ಆಳಕ್ಕಿಳಿದಿರುವುದಿಲ್ಲ, ಅಗಲಕ್ಕೆ ಹರಡಿರುತ್ತದೆ, ತುಳಿದರೆ ಮಣ್ಣು ಗಟ್ಟಿಯಾಗಿ ಮರಕ್ಕೆ ತೊಂದರೆ. ಮಲೆನಾಡಿನವರಿಗೆ ಸಮಾಧಾನದ ವಿಷಯ, ಜಿಗಣೆ ಕಾಟ ಇಲ್ಲ. ಆದರೆ ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಓಕ್ ಗಿಡ ಇದೆ. ಮೂರೆಲೆ ಗೊಂಚಲು ಕಂಡರೆ ಮುಟ್ಟಬೇಡಿ.