ಲಿಸ್ಪ್ ಬರೆಯುವಾಗ ಎಡಿಟರ್ ಬಣ್ಣನ ಎಷ್ಟು ನಂಬ್ಬೋದು

ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿದೋರು ಮೊದ್ಲು ಕೇಳೋದು ಥೀಮ್ ಯಾವ್ದು ಹಾಕ್ಕೊಳ್ಲಿ, ಬ್ರಾಕೆಟ್‌ಗೆಲ್ಲಾ ಬೇರೆ ಬೇರೆ ಬಣ್ಣ ಬರೋ ಹಾಗೆ ಮಾಡೋದು ಹೇಗೆ ಅಂತ. ಇಮ್ಯಾಕ್ಸ್ ಅನ್ನೋ ಎಡಿಟರಲ್ಲಿ ರೇನ್‌ಬೋ ಡಿಲಿಮಿಟರ್ಸ್ ಅಂತ ಪ್ಯಾಕೇಜ್ ಇದೆ, ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಸ್ವಲ್ಪ ದಿನ ಬರೆದ್ಮೇಲೆ ಯಾರೂ ಬ್ರಾಕೆಟ್ ಎಣಿಸ್ತಾ ಕೂರಲ್ಲ, ಇಂಡೆಂಟೇಶನ್ (ಸಾಲಿನ ಶುರುವಲ್ಲಿ ಬಿಡೋ ಜಾಗ) ನೋಡ್ಕೊಂಡೇ ಓದ್ತಾರೆ. ನನ್ನ ಎಡಿಟರಲ್ಲಂತೂ ಬ್ರಾಕೆಟೆಲ್ಲಾ ಮಸುಕು ಬೂದು ಬಣ್ಣ, ಕರ್ಸರ್ ಪಕ್ಕದ ಬ್ರಾಕೆಟ್‌ನ ಜೋಡಿ ಎಲ್ಲಿದೆ ಅಂತ ಎದ್ದು ಕಂಡ್ರೆ ಸಾಕು, ಅದೂ ಇಮ್ಯಾಕ್ಸ್ 28ನೇ ವರ್ಷನ್‌ನಿಂದ ತಾನಾಗೇ ಆನ್ ಇರುತ್ತೆ. ಎಲ್ಲೋ ಒಂದು ಬ್ರಾಕೆಟ್ ಬಿಟ್ಟುಹೋಗಿದೆ ಅನ್ಸಿದ್ರೆ ಪೂರ್ತಿ ಫೈಲ್ ರೀಇಂಡೆಂಟ್ ಮಾಡಿ, ಯಾವ ಸಾಲು ಇದ್ದಕ್ಕಿದ್ದ ಹಾಗೆ ಬಲಕ್ಕೋ ಎಡಕ್ಕೋ ಹಾರುತ್ತೋ ಅದಕ್ಕಿಂತ ಮೇಲಿರೋ ಸಾಲುಗಳಲ್ಲಿ ಹುಡುಕಿ.

ಬಣ್ಣದ ವಿಷಯಕ್ಕೆ ಬರೋಣ. ಇಮ್ಯಾಕ್ಸ್ ಲಿಸ್ಪ್ ಕೋಡ್‌ಗೆ ಬಣ್ಣ ಹಚ್ಚೋದು ಹೆಚ್ಚುಕಮ್ಮಿ ಅಕ್ಷರದ ಪ್ಯಾಟರ್ನ್ ನೋಡಿ, ಅರ್ಥ ತಿಳ್ಕೊಂಡಲ್ಲ. ತೆರೆಯೋ ಬ್ರಾಕೆಟ್ ಆದ ತಕ್ಷಣ ಇಫ್ ಅಂತ ಕಂಡ್ರೆ ಕೀವರ್ಡ್ ಬಣ್ಣ ಬಳಿದುಬಿಡುತ್ತೆ, ಆ ಇಫ್ ಕೋಟ್ (' ಗುರುತು, ಇದನ್ನ ಲೆಕ್ಕ ಮಾಡ್ಬೇಡ, ಹಾಗೇ ಇಟ್ಕೋ ಅಂತ) ಹಾಕಿದ ಲಿಸ್ಟ್ ಒಳಗಿನ ಇನ್ನೊಂದು ಲಿಸ್ಟಲ್ಲಿ ಬರೀ ಡೇಟಾ ಆಗಿ ಕೂತಿದ್ರೂ ಹೆಚ್ಚಾಗಿ ಅದೇ ಬಣ್ಣ. ಬೇರೆ ಭಾಷೆಗಳಲ್ಲಿ ಇದು ಅಷ್ಟು ಕಾಡಲ್ಲ. ಲಿಸ್ಪಲ್ಲಿ ಮಾತ್ರ 1958ರಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ ಕಾಲದಿಂದ ಕೋಡೂ ಲಿಸ್ಟು ಡೇಟಾನೂ ಲಿಸ್ಟು, ಮೇಲಿಂದ ಯಾರು ಬೇಕಾದ್ರೂ ಮ್ಯಾಕ್ರೋ (ಕೋಡ್ ಹುಟ್ಟಿಸೋ ಕೋಡು) ಬರೆದು ಹೊಸ ಕೀವರ್ಡ್ ಥರದ್ದನ್ನ ಹುಟ್ಟಿಸ್ಬೋದು, ಹಂಗಿದ್ಮೇಲೆ ಪ್ಯಾಟರ್ನ್ ಏನು ಅಂತ ಊಹೆ ಮಾಡುತ್ತೆ ಪಾಪ.

ಅದಕ್ಕೇ ಹೊಸಬರ ಅರ್ಧ ಪ್ರಶ್ನೆ ಕೋಟ್ ಸುತ್ತನೇ ಸುತ್ತೋದು. (+ 1 2) ಅಂದ್ರೆ 3 ಬರುತ್ತೆ, '(+ 1 2) ಅಂದ್ರೆ ಮೂರು ಐಟಂ ಇರೋ ಲಿಸ್ಟ್ ಬರುತ್ತೆ. ಕೋಟ್ ಇಲ್ದೆ (1 2 3) ಅಂತ ಬರೆದ್ರೆ ಇಮ್ಯಾಕ್ಸ್ ಇನ್‌ವ್ಯಾಲಿಡ್ ಫಂಕ್ಷನ್ ಅನ್ನುತ್ತೆ, 1 ಅನ್ನೋದನ್ನೇ ಫಂಕ್ಷನ್ ಅಂದ್ಕೊಂಡು ಕರೆಯೋಕೆ ಹೋಗಿರುತ್ತೆ ಅಷ್ಟೇ. ಸರಿ, ಕೋಟ್ ಹಾಕ್ತೀವಿ, ಆಮೇಲೆ ಬೆಲೆ ಅನ್ನೋ ವೇರಿಯಬಲಲ್ಲಿ 40 ಇಟ್ಟು, '(1 ಬೆಲೆ) ಅಂತ ಬರೆದು ಬೆಲೆ ಜಾಗದಲ್ಲಿ 40 ಯಾಕೆ ಬರ್ಲಿಲ್ಲ ಅಂತ ತಲೆ ಕೆರ್ಕೊಳ್ತೀವಿ. ಕೋಟ್ ಒಳಗಡೆ ಏನೂ ಲೆಕ್ಕ ಆಗಲ್ಲ, ಬೆಲೆ ಅನ್ನೋ ಹೆಸರೇ ಹಾಗೇ ಕೂತಿರುತ್ತೆ. `(1 ,ಬೆಲೆ) ಅಂತ ಬ್ಯಾಕ್‌ಕೋಟ್ ಹಾಕಿ ಕಾಮಾ ಇಟ್ರೆ (1 40) ಸಿಗುತ್ತೆ. ಎಡಿಟರ್‌ನಲ್ಲಿ ಇವೆರಡಕ್ಕೂ ಇರೋ ವ್ಯತ್ಯಾಸ ನೊಣದ ಕಾಲಷ್ಟು ಗೆರೆ. ಫಾಂಟ್ ಆರಿಸುವಾಗ ನಾನು ನೋಡೋದೇ ಅದನ್ನ, ಕೋಟೂ ಬ್ಯಾಕ್‌ಕೋಟೂ ಒಂದೇ ಥರ ಕಾಣೋ ಫಾಂಟ್ ಎಷ್ಟೇ ಚೆಂದ ಇದ್ರೂ ಬೇಡ.

ಬ್ರಾಕೆಟನ್ನೇ ಒಂದು ಅಕ್ಷರವಾಗಿ ಬರೀಬೇಕಾದಾಗ ಇನ್ನೊಂದು ತಮಾಷೆ. ಇಮ್ಯಾಕ್ಸ್ ಲಿಸ್ಪಲ್ಲಿ (ಇಮ್ಯಾಕ್ಸ್ ಒಳಗೇ ಇರೋ ಲಿಸ್ಪು) ಅದನ್ನ ?\( ಅಂತಾನೇ ಬರೀರಿ, ಬ್ಯಾಕ್‌ಸ್ಲ್ಯಾಶ್ ಬಿಡ್ಬೇಡಿ ಅಂತ ಮ್ಯಾನ್ಯುಯಲ್ಲೇ ಹೇಳುತ್ತೆ, ಎಡಿಟಿಂಗ್ ಕಮಾಂಡ್‌ಗಳು ಗಲಿಬಿಲಿ ಆಗ್ಬಾರ್ದು ಅಂತ. ಭಾಷೆ ಬರೆಯೋ ರೀತಿನೇ ಎಡಿಟರ್‌ಗೆ ತಕ್ಕ ಹಾಗೆ ಬಗ್ಗಿದೆ ನೋಡಿ.

ಇದೆಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟಿರೋದು ನನ್ನ ಪ್ರಕಾರ ಇನ್ನೊಂದು ಲಿಸ್ಪಿನ ಎಡಿಟರ್ ಆದ ಡಾಕ್ಟರ್ ರ‍್ಯಾಕೆಟ್. ಭಾಷೆ ಹೆಸರು ಪಿಎಲ್‌ಟಿ ಸ್ಕೀಮ್‌ನಿಂದ ರ‍್ಯಾಕೆಟ್ ಅಂತ ಬದ್ಲಾಗಿದ್ದು 2010ರಲ್ಲಿ, ಅದಕ್ಕೆ ಮುಂಚೆ ಈ ಎಡಿಟರ್ ಡಾಕ್ಟರ್ ಸ್ಕೀಮ್ ಆಗಿತ್ತು. ಇದು ನೀವು ಟೈಪ್ ಮಾಡ್ತಿದ್ದ ಹಾಗೇ ಹಿಂದುಗಡೆ ಮ್ಯಾಕ್ರೋಗಳನ್ನೆಲ್ಲಾ ಬಿಡಿಸಿ ನೋಡುತ್ತೆ, ಮೌಸನ್ನ ಒಂದು ಹೆಸರಿನ ಮೇಲೆ ಇಟ್ರೆ ಆ ಹೆಸರು ಎಲ್ಲಿ ಹುಟ್ತು, ಎಲ್ಲೆಲ್ಲಿ ಬಳಸಿದೀರ ಅಂತ ಬಾಣ ಎಳೆದು ತೋರಿಸುತ್ತೆ. ಒಂದು ಫಂಕ್ಷನ್‌ನ ಪ್ಯಾರಾಮೀಟರ್‌ಗೆ ಲಿಸ್ಟ್ ಅಂತ ಹೆಸರಿಟ್ಟು ಒಳಗಡೆ ಅದೇ ಲಿಸ್ಟ್ ಫಂಕ್ಷನ್ ಕರೆಯೋಕೆ ಹೋದ್ರೆ ರ‍್ಯಾಕೆಟಲ್ಲಿ ನಾಟ್ ಎ ಪ್ರೊಸೀಜರ್ ಅಂತ ಎರರ್ ಬರುತ್ತಲ್ಲ, ಆ ಬಾಣ ನೋಡಿದ್ರೆ ಕಾರಣ ಕೇಳೋದೇ ಬೇಕಾಗಲ್ಲ, ಅದು ನೆಟ್ಟಗೆ ನಿಮ್ಮ ಪ್ಯಾರಾಮೀಟರ್‌ಗೇ ಹೋಗಿ ಚುಚ್ಚಿರುತ್ತೆ. ಇಮ್ಯಾಕ್ಸ್ ಲಿಸ್ಪಲ್ಲಿ ಇದೇ ಕೋಡ್ ಸುಮ್ನೆ ಓಡುತ್ತೆ, ಅಲ್ಲಿ ಫಂಕ್ಷನ್ ಹೆಸರಿಗೂ ವೇರಿಯಬಲ್ ಹೆಸರಿಗೂ ಬೇರೆ ಬೇರೆ ಮನೆ. ಹಂಗೇ (/ 5 2) ಅಂದ್ರೆ ಇಮ್ಯಾಕ್ಸ್ 2 ಅನ್ನುತ್ತೆ, ರ‍್ಯಾಕೆಟ್ 5/2 ಅಂತ ಭಿನ್ನರಾಶಿನೇ ಕೊಡುತ್ತೆ. ಲಿಸ್ಪ್ ಪ್ರಶ್ನೆ ಕೇಳೋರು ಯಾವ ಲಿಸ್ಪು ಅಂತ ಹೇಳಿದ್ರೆ ಅರ್ಧ ಕೆಲಸ ಉಳಿಯುತ್ತೆ ಮಾರಾಯ್ರೇ.

ಇನ್ನು ಕನ್ನಡ ಹೆಸರು. ಇವೆರಡರಲ್ಲೂ ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಡ್ಬೋದು, (+ ಬೆಲೆ ಟ್ಯಾಕ್ಸ್) ಆರಾಮಾಗಿ ಓಡುತ್ತೆ. ಕನ್ನಡ ಅಕ್ಷರ ಒಂದೇ ಅಗಲ ಇರಲ್ಲ, ಅದಕ್ಕೆ ಕೆಳಗಿನ ಸಾಲು ಸ್ವಲ್ಪ ಸೊಟ್ಟಗೆ ಕೂರುತ್ತೆ, ಹೋಗ್ಲಿ ಬಿಡಿ. ನಿಜವಾದ ತಾಪತ್ರಯ ಅರ್ಧಾಕ್ಷರದಲ್ಲಿ ಮುಗಿಯೋ ಹೆಸರುಗಳದ್ದು. ಟ್ಯಾಕ್ಸ್‌ನ ಅಂತ ಟೈಪ್ ಮಾಡಿ ಕೊನೆ ಅಕ್ಷರ ಅಳಿಸಿದ್ರೆ ಮಧ್ಯೆ ಇದ್ದ, ಅಕ್ಷರ ಕೂಡದ ಹಾಗೆ ತಡೆಯೋ ಕಣ್ಣಿಗೆ ಕಾಣದ ಗುರುತು ಝಡ್‌ಡಬ್ಲ್ಯೂಎನ್‌ಜೆ ಅಲ್ಲೇ ಉಳ್ಕೊಳ್ಳುತ್ತೆ, ನೋಡೋಕೆ ಎರಡೂ ಟ್ಯಾಕ್ಸೇ, ಲಿಸ್ಪ್ ಕಣ್ಣಿಗೆ ಬೇರೆ ಬೇರೆ ಹೆಸರು. ರ‍್ಯಾಕೆಟ್ ಅನ್‌ಬೌಂಡ್ ಐಡೆಂಟಿಫೈಯರ್ ಅಂತ ಓಡಿಸೋಕೆ ಮುಂಚೆನೇ ಕೂಗುತ್ತೆ, ಇಮ್ಯಾಕ್ಸಲ್ಲಿ ಸಾಮಾನ್ಯವಾಗಿ ಆ ಸಾಲು ಓಡೋವರೆಗೂ ಗೊತ್ತಾಗಲ್ಲ, ಎಷ್ಟು ಒಳ್ಳೆ ಥೀಮ್ ಇದ್ರೂ ಬಣ್ಣದಲ್ಲಿ ಸುಳಿವಿಲ್ಲ. ಅನುಮಾನ ಬಂದ್ರೆ ಆ ಹೆಸರನ್ನ ಕಾಪಿ ಮಾಡಿ ಸ್ಟ್ರಿಂಗ್ ಮಾಡಿ ಉದ್ದ ಕೇಳಿ, ಸರಿಯಾದ ಟ್ಯಾಕ್ಸ್‌ಗೆ 8 ಬರ್ಬೇಕು, 9 ಬಂದ್ರೆ ಕಳ್ಳ ಸಿಕ್ಕ. ಇಲ್ಲಾಂದ್ರೆ ತೆರಿಗೆ ಅಂತ ಹೆಸರಿಡಿ, ಸ್ವರದಲ್ಲಿ ಮುಗಿಯೋ ಹೆಸರಿಗೆ ಈ ಕಾಟ ಇಲ್ಲ.