ಅವರಿಗೆ ಗೊತ್ತಾ?

ಮೊನ್ನೆ ಸೋಮವಾರ ಇಎನ್‌ಟಿ ಡಾಕ್ಟರ ಕೋಣೆಯ ಹೊರಗೆ ಕೂತಿದ್ದೆ. ಟಾನ್ಸಿಲ್ ತೆಗೆಸಿಕೊಂಡು ಹತ್ತನೇ ದಿನ. ಒಬ್ಬ ಹುಡುಗ ಓಡಿ ಬಂದು ಪಕ್ಕದ ಕುರ್ಚಿ ಹತ್ತಿದ. ನನ್ನ ಮುಖ ನೋಡಿದ. ಗುರುತು ಸಿಕ್ಕಿತು ಅಂತ ಕಾಣುತ್ತೆ, ನೇರವಾಗಿ ಕೇಳಿದ: "ಆಂಟಿ, ನಿಮ್ಮಮ್ಮನಿಗೆ ಹೇಳಿದ್ರಾ?"

ನನಗೆ ಅಲ್ಲೇ ಕಣ್ಣು ತುಂಬಿತು. ಮಾತಾಡಲು ಆಗದ ಗಂಟಲು ಇನ್ನಷ್ಟು ಕಟ್ಟಿತು.

ಅವನು ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯವನು. ಎರಡನೇ ಕ್ಲಾಸು. ನಮ್ಮಿಬ್ಬರಿಗೂ ಒಂದೇ ದಿನ, ಒಂದೇ ಆಪರೇಷನ್. ಅವತ್ತು ಬೆಳಗ್ಗೆ ಇಬ್ಬರೂ ಹೊಟ್ಟೆಗೆ ಏನೂ ಇಲ್ಲದೆ ಕಾಯುತ್ತಿದ್ದೆವು. ಅವನು ನೀರು ಬೇಕು ಅಂತ ಅಳುತ್ತಿದ್ದ. ಅವನ ಅಮ್ಮ ಹಾಸಿಗೆಯ ತುದಿಯಲ್ಲಿ ಕೂತು ಅವನ ಪಾದ ಉಜ್ಜುತ್ತಿದ್ದರು. ಇನ್ನೊಂದು ಕೈಯಲ್ಲಿ ಫೋನು. ಅತ್ತೆಗೆ, ನಾದಿನಿಗೆ, ಪಕ್ಕದ ಮನೆಯವರಿಗೆ, ಎಲ್ಲರಿಗೂ ಅದೇ ಸುದ್ದಿ ಹೇಳುತ್ತಿದ್ದರು. ಎಷ್ಟು ಮಾತಾಡ್ತಾರಪ್ಪ, ಸ್ವಲ್ಪ ಸುಮ್ನೆ ಇರಬಾರದಾ ಅಂತ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಆ ಸಿಟ್ಟು ತಪ್ಪು. ಆ ಹೆಂಗಸು ಭಯವನ್ನು ಹತ್ತು ಜನಕ್ಕೆ ಹಂಚಿ ಹಗುರ ಮಾಡಿಕೊಳ್ಳುತ್ತಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಹುಡುಗ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದ.

"ನಿಮಗೂ ಟಾನ್ಸಿಲ್ಲಾ?"

"ಹೂಂ."

"ನಿಮ್ಮಮ್ಮ ಬರ್ಲಿಲ್ವಾ?"

"ಊರಲ್ಲಿದ್ದಾರೆ ಪುಟ್ಟ."

"ಅವರಿಗೆ ಗೊತ್ತಾ?"

ಅಷ್ಟರಲ್ಲಿ ಅವನನ್ನು ಕರೆದುಕೊಂಡು ಹೋಗಲು ಬಂದರು. ಉತ್ತರ ಕೊಡುವುದು ತಪ್ಪಿತು. ಅವನು ತಿರುಗಿ ನೋಡುತ್ತಲೇ ಹೋದ. ಮುಂದಿನ ಹತ್ತು ದಿನ ಆ ಎರಡು ಪದ ನನ್ನನ್ನು ಬಿಡಲಿಲ್ಲ.

ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಇರುವುದು ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ. ಅಡಿಕೆ ಕೊಯ್ಲಿನ ಸಮಯ. ಈ ದಿನಗಳಲ್ಲಿ ಅವಳು ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾಳೆ. ಬೆಳಗ್ಗೆ ಎದ್ದು ಹಂಡೆಗೆ ಬೆಂಕಿ ಹಾಕಬೇಕು, ಬೆಂದ ಅಡಿಕೆ ಅಂಗಳದಲ್ಲಿ ಹರವಬೇಕು. ಅಪ್ಪನಿಗೆ ಮಂಡಿ ನೋವು. ಇದರ ಮಧ್ಯೆ ನನ್ನ ಗಂಟಲಿನ ವಿಷಯ ಯಾಕೆ ಅಂದುಕೊಂಡೆ. ಆದಮೇಲೆ ಹೇಳಿದರಾಯ್ತು, ಸಣ್ಣ ಆಪರೇಷನ್ ಅಲ್ವಾ.

ಸಣ್ಣ ಆಪರೇಷನ್. ಎಲ್ಲರೂ ಅದನ್ನೇ ಹೇಳಿದರು. ನನ್ನ ವಯಸ್ಸು 34. ಬ್ಯಾಂಕಿನ ಕೌಂಟರಿನಲ್ಲಿ ಕೆಲಸ, ದಿನವಿಡೀ ಮಾತು. ಹೋದ ವರ್ಷ ಆರು ಸಲ, ಈ ವರ್ಷ ಮತ್ತೆ ಆರು ಸಲ ಗಂಟಲು ಊದಿ, ಜ್ವರ ಬಂದು ಮಲಗಿದ್ದೆ. ಒಂದು ಸಲವಂತೂ ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿ ಬಾಯಿ ತೆರೆಯಲು ಆಗಲಿಲ್ಲ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ ಮಾತಾಡುತ್ತಿದ್ದೆ. ಡಾಕ್ಟರು ಲೆಕ್ಕ ಹೇಳಿದರು. ಒಂದೇ ವರ್ಷದಲ್ಲಿ 7 ಸಲ, ಇಲ್ಲವೇ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಸಲ, ಇಲ್ಲವೇ ಮೂರು ವರ್ಷ ವರ್ಷಕ್ಕೆ 3 ಸಲ ಹೀಗಾದರೆ ತೆಗೆಸುವ ಮಾತು ಬರುತ್ತದೆ. ನನ್ನದು ಆ ಗೆರೆ ದಾಟಿತ್ತು.

ಮ್ಯಾನೇಜರ್ ಹತ್ತಿರ ಎರಡು ವಾರ ರಜೆ ಕೇಳಿದಾಗ ಅವರು, "ಟಾನ್ಸಿಲ್ಸಿಗೆ ಎರಡು ವಾರನಾ? ನನ್ನ ಮಗ ಐದನೇ ದಿನಕ್ಕೆ ಆಟ ಆಡ್ತಿದ್ದ" ಎಂದರು. ಅವರು ಕೆಟ್ಟವರಲ್ಲ. ಆದರೆ ಬೇರೆಯವರ ನೋವನ್ನು ತಮ್ಮ ಮನೆಯ ಅಳತೆಗೋಲಿನಲ್ಲಿ ಅಳೆಯುವ ಅಭ್ಯಾಸ ಅವರಿಗಿದೆ. ಪಕ್ಕದ ಕೌಂಟರಿನ ಗೆಳತಿ, "ಮಜಾ ಕಣೆ, ಹತ್ತು ದಿನ ಬರೀ ಐಸ್‌ಕ್ರೀಮ್" ಅಂದಳು. ಇದು ಮಕ್ಕಳ ಕಾಯಿಲೆ ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ.

ದೊಡ್ಡವರಿಗೆ ಇದು ಬೇರೆಯೇ. ಡಾಕ್ಟರು ಮೊದಲೇ ಹೇಳಿದ್ದರು. ವರ್ಷಗಟ್ಟಲೆ ಸೋಂಕು ತಗುಲಿ ತಗುಲಿ ಟಾನ್ಸಿಲ್ ಕೆಳಗಿನ ಮಾಂಸಕ್ಕೆ ಅಂಟಿಕೊಂಡಿರುತ್ತದೆ. ಮಕ್ಕಳಲ್ಲಿ ಬಿಟ್ಟುಕೊಂಡಷ್ಟು ಸುಲಭವಾಗಿ ಬರುವುದಿಲ್ಲ. ತೆಗೆದ ಜಾಗಕ್ಕೆ ಹೊಲಿಗೆ ಹಾಕಿ ಮುಚ್ಚುವುದಿಲ್ಲ, ತೆರೆದ ಗಾಯವಾಗಿಯೇ ಒಳಗಿನಿಂದ ಮಾಗಬೇಕು. ಆ ಗಾಯದ ಮೇಲೇ ಪ್ರತಿ ಗುಟುಕು ನೀರು, ಪ್ರತಿ ಸಲದ ಎಂಜಲು ಹಾದುಹೋಗಬೇಕು.

ಮೊದಲ ಎರಡು ದಿನ ಅಷ್ಟೇನೂ ಅನಿಸಲಿಲ್ಲ. ಇಷ್ಟೇನಾ ಅಂದುಕೊಂಡೆ. ನಾಲ್ಕನೇ ದಿನದಿಂದ ಶುರುವಾಯಿತು. ಗಂಟಲಿಗಿಂತ ಜಾಸ್ತಿ ನೋವು ಕಿವಿಯಲ್ಲಿ. ಕಿವಿಯ ಒಳಗೆ ಯಾರೋ ಮೊಳೆ ಹೊಡೆದ ಹಾಗೆ. ಕಿವಿಗೇ ಸೋಂಕು ಆಗಿದೆ ಅಂತ ಹೆದರಿ ಗಂಡನ ಕೈಯಲ್ಲಿ ಆಸ್ಪತ್ರೆಗೆ ಫೋನ್ ಮಾಡಿಸಿದೆ. ಟಾನ್ಸಿಲ್ ಇದ್ದ ಜಾಗಕ್ಕೂ ಕಿವಿಯ ಒಳಭಾಗಕ್ಕೂ ಒಂದೇ ನರದ ಕವಲುಗಳು ಹೋಗುತ್ತವಂತೆ. ಗಾಯ ಇಲ್ಲಿದ್ದರೂ ಮಿದುಳು ಅಲ್ಲಿದೆ ಅಂದುಕೊಳ್ಳುತ್ತದೆ. ಕನ್ನಡಿಯಲ್ಲಿ ಗಂಟಲು ನೋಡಿಕೊಂಡರೆ ಎರಡೂ ಕಡೆ ಹಳದಿ ಬೆರೆತ ಬಿಳಿ ಪೊರೆ. ಕೀವಲ್ಲ, ಅದು ಗಾಯ ಮಾಗುವಾಗ ಕಟ್ಟುವ ಹಕ್ಕಳೆ. ಬಾಯಿಯಿಂದ ಬರುವ ವಾಸನೆಗೆ ನಾನೇ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಬೆಳಗಿನ ಜಾವ ಅತಿ ಕಷ್ಟ. ನಿದ್ದೆಯಲ್ಲಿ ಬಾಯಿ ತೆರೆದು ಉಸಿರಾಡಿ ಗಂಟಲು ಒಣಗಿರುತ್ತದೆ. ಐದು ಗಂಟೆಗೆ ಎದ್ದು ಲೋಟ ಹಿಡಿದುಕೊಳ್ಳುತ್ತಿದ್ದೆ. ನೀರು ಬಾಯಲ್ಲಿ ಇಟ್ಟುಕೊಂಡು, ಎಡಗೈಯಲ್ಲಿ ಹೊದಿಕೆಯ ಅಂಚು ಮುದ್ದೆ ಮಾಡಿ ಹಿಡಿದು, ಮೂರು ಎಣಿಸಿ ನುಂಗಬೇಕು. ನುಂಗಿದ ಕೂಡಲೇ ನೋವು ಕಿವಿಗೆ ಏರಿ, ದವಡೆಗೆ ಇಳಿದು, ನಿಧಾನಕ್ಕೆ ಹೋಗುತ್ತಿತ್ತು. ಮತ್ತೆ ಎರಡನೇ ಗುಟುಕು. ಅರ್ಧ ಲೋಟಕ್ಕೆ ಇಪ್ಪತ್ತು ನಿಮಿಷ. ಕುಡಿಯದೇ ಇದ್ದರೆ ಇನ್ನೂ ಒಣಗುತ್ತದೆ, ಇನ್ನೂ ನೋಯುತ್ತದೆ. ಆಮೇಲೆ ಗಂಡ ರಾತ್ರಿ ಎರಡು ಗಂಟೆಗೊಮ್ಮೆ ಅಲಾರಾಂ ಇಟ್ಟು ಎಬ್ಬಿಸಿ ನೀರು ಕುಡಿಸಿದ. ಅವನಿಗೆ ಸಮಾಧಾನದ ಮಾತು ಬರುವುದಿಲ್ಲ. ಅಲಾರಾಂ ಇಡಲು ಬರುತ್ತದೆ. ನನಗೆ ಅದೇ ದೊಡ್ಡದು.

ಐಸ್‌ಕ್ರೀಮ್ ತಿಂದರೆ ಗಂಟಲಲ್ಲಿ ಕಫ ಕಟ್ಟಿದಂತಾಗುತ್ತಿತ್ತು. ಮಜ್ಜಿಗೆ ಉರಿಯುತ್ತಿತ್ತು. ಒಗ್ಗಿದ್ದು ಉಗುರುಬೆಚ್ಚಗಿನ ರಾಗಿ ಅಂಬಲಿ ಮತ್ತು ಹಾಲಿನಲ್ಲಿ ನೆನೆಸಿದ ಇಡ್ಲಿ.

ಅಮ್ಮ ದಿನಾ ಸಂಜೆ ಫೋನ್ ಮಾಡುತ್ತಾಳೆ. ಮೆಸೇಜ್ ಓದಲು ಅವಳಿಗೆ ಆಗುವುದಿಲ್ಲ, ಕನ್ನಡಕ ಹುಡುಕಬೇಕು. ಗಂಡ ಏನೇನೋ ಹೇಳಿದ. ಮೀಟಿಂಗ್ ಇದೆ. ಆಡಿಟ್ ನಡೀತಿದೆ. ಸ್ವಲ್ಪ ಶೀತ, ಮಲಗಿದ್ದಾಳೆ. ನಾನು ಪಕ್ಕದಲ್ಲೇ ಕೂತು ಅವಳ ದನಿ ಕೇಳುತ್ತಿದ್ದೆ. "ಬಿಸಿನೀರು ಕುಡಿಯಾಕೆ ಹೇಳು, ಅವಳಿಗೆ ಮೊದ್ಲಿಂದ ಗಂಟ್ಲು ಸರಿ ಇಲ್ಲ" ಅನ್ನುತ್ತಿದ್ದಳು. ನಿಜ. ಚಿಕ್ಕವಳಿದ್ದಾಗ ಗಂಟಲು ನೋವು ಬಂದರೆ ಉಪ್ಪುನೀರು ಮುಕ್ಕಳಿಸಲು ಕೊಟ್ಟು, ಲೋಟ ಖಾಲಿಯಾಗುವವರೆಗೂ ಹಿತ್ತಲ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಏಳನೇ ದಿನ ರಾತ್ರಿ ಮೂರು ಗಂಟೆಗೆ ಬಾಯಲ್ಲಿ ಕಬ್ಬಿಣದ ರುಚಿ. ಎದ್ದು ಹೋಗಿ ಉಗುಳಿದೆ. ಬಿಳಿ ಬೇಸಿನ್ನಿನಲ್ಲಿ ಹಸಿ ಕೆಂಪು ರಕ್ತ. ಇನ್ನೊಮ್ಮೆ ಉಗುಳಿದೆ, ಮತ್ತೆ ಕೆಂಪು. ಹಕ್ಕಳೆ ಉದುರುವ ದಿನಗಳಲ್ಲಿ, ಐದರಿಂದ ಹತ್ತನೇ ದಿನದ ಒಳಗೆ, ರಕ್ತ ಬರಬಹುದು ಅಂತ ಹೇಳಿದ್ದರು. ಹಸಿ ರಕ್ತ ಕಂಡರೆ ಕಾಯುತ್ತಾ ಕೂರಬೇಡಿ, ನೇರ ಬನ್ನಿ ಅಂತ ಚೀಟಿಯಲ್ಲೂ ಬರೆದಿದ್ದರು. ಓದಿ ಗೊತ್ತಿತ್ತು. ಆದರೂ ಬೇಸಿನ್ ಹಿಡಿದು ನಿಂತಾಗ ಗಂಡನನ್ನು ಕೂಗಬೇಕು ಅಂತ ಹೊಳೆಯಲಿಲ್ಲ. ಬಾಯಿಗೆ ಬಂದ ಪದ "ಅಮ್ಮಾ". ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು.

ನಲ್ಲಿ ಸದ್ದಿಗೆ ಗಂಡ ಎದ್ದು ಬಂದ. ಹತ್ತು ನಿಮಿಷದಲ್ಲಿ ಕಾರಿನಲ್ಲಿದ್ದೆವು. ಖಾಲಿ ರಸ್ತೆ, ಮಡಿಲಲ್ಲಿ ಸ್ಟೀಲ್ ಪಾತ್ರೆ. ತಲೆಯಲ್ಲಿ ಒಂದೇ: ಅವರಿಗೆ ಗೊತ್ತಾ? ನನಗೆ ಏನಾದರೂ ಆದರೆ ಅಮ್ಮನಿಗೆ ಮೊದಲು ಯಾರು ಹೇಳುತ್ತಾರೆ? ಹೇಗೆ ಹೇಳುತ್ತಾರೆ? ಆಪರೇಷನ್ ಆಗಿದ್ದೂ, ಏಳು ದಿನ ಕಳೆದಿದ್ದೂ, ತಾನು ದಿನಾ ಫೋನ್ ಮಾಡಿ ಸುಳ್ಳು ಕೇಳಿದ್ದೂ ಅವಳಿಗೆ ಒಂದೇ ಸಲಕ್ಕೆ ಗೊತ್ತಾಗಬೇಕಾ?

ಆಸ್ಪತ್ರೆ ಮುಟ್ಟುವಷ್ಟರಲ್ಲಿ ರಕ್ತ ನಿಂತಿತ್ತು. ಬೆಳಗಿನವರೆಗೂ ಇಟ್ಟುಕೊಂಡು ನೋಡಿ ಕಳಿಸಿದರು.

ಎಂಟು ವರ್ಷದ ಹಿಂದೆ ಅಮ್ಮನಿಗೆ ಶಿವಮೊಗ್ಗದಲ್ಲಿ ಗರ್ಭಕೋಶದ ಆಪರೇಷನ್ ಆಗಿತ್ತು. ನನಗೆ ತಿಳಿದಿದ್ದು ನಾಲ್ಕು ದಿನದ ಮೇಲೆ. ನನ್ನ ಬ್ಯಾಂಕ್ ಪರೀಕ್ಷೆ ಇತ್ತು ಅಂತ ಅಪ್ಪನೂ ಹೇಳಿರಲಿಲ್ಲ. ಊರಿಗೆ ಓಡಿದೆ. ಅಮ್ಮ ಗೋಡೆಗೆ ಒರಗಿ ಕೂತಿದ್ದಳು, ಹೊಟ್ಟೆಯ ಮೇಲೆ ಒಂದು ಕೈ. "ನಿಂಗೆ ಪರೀಕ್ಷೆ ಇತ್ತಲ್ಲೇ" ಅಂದಳು. ನಾನು ಅವತ್ತು ಅತ್ತಿದ್ದಕ್ಕಿಂತ ಜಾಸ್ತಿ ಜಗಳ ಆಡಿದ್ದೆ. ನಾನು ಯಾರು ಹಾಗಾದ್ರೆ, ನೆಂಟಳಾ ಅಂತ ಕೇಳಿದ್ದೆ. ಅವಳು ಉತ್ತರ ಕೊಡಲಿಲ್ಲ. ಎದ್ದು ಕಾಫಿ ಇಡಲು ಹೊರಟಳು, ಕೂರಿಸಬೇಕಾಯಿತು.

ಈಗ ನಾನು ಮಾಡಿದ್ದೂ ಅದೇ. ಅವಳಿಗೆ ಅಡಿಕೆ, ನನಗೆ ಪರೀಕ್ಷೆ. ನಮ್ಮಲ್ಲಿ ಒಬ್ಬರಿಗೊಬ್ಬರು ಪ್ರೀತಿ ತೋರಿಸುವುದೇ ಹೀಗೆ, ಮುಚ್ಚಿಟ್ಟು. ಸುಮ್ನೆ ಗಾಬರಿ ಯಾಕೆ, ತೊಂದರೆ ಯಾಕೆ, ಅಷ್ಟು ದೂರದಿಂದ ಬರೋದು ಯಾಕೆ. ಆದರೆ ಗಾಬರಿ ಪಡುವ ಹಕ್ಕು ಅವಳದಲ್ವಾ? ಅವಳು ಬರಬೇಕೋ ಬೇಡವೋ ಅಂತ ನಾನು ಯಾಕೆ ತೀರ್ಮಾನ ಮಾಡಿದೆ? ಅವಳಿಗೆ ಕೆಲಸ ಇದೆ ಅಂತ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವಳು ಬಂದರೆ ಅತ್ತುಬಿಡುತ್ತೇನೆ ಅಂತ ನನಗೆ ಹೆದರಿಕೆ ಇತ್ತು. ಈ ವಯಸ್ಸಿನಲ್ಲಿ ಅಮ್ಮನ ಮುಂದೆ ಅಳುವುದು ಸರಿಯಲ್ಲ ಅಂತ ಯಾವಾಗ ಅನಿಸತೊಡಗಿತೋ ನನಗೇ ಗೊತ್ತಿಲ್ಲ. ಪಕ್ಕದ ಹಾಸಿಗೆಯ ಹುಡುಗ ನೀರಿಗಾಗಿ ಎಲ್ಲರ ಎದುರೂ ಅತ್ತ. ಅವನ ಪಾದ ಉಜ್ಜಲು ಒಂದು ಕೈ ಇತ್ತು.

ಸೋಮವಾರ ಅವನು ಕೇಳಿದಾಗ ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವನ ಅಮ್ಮ, "ಹಾಗೆಲ್ಲ ಕೇಳಬಾರ್ದು ಕಣೋ" ಎಂದು ಗದರಿದರು. ಅವನು ಬಿಡಲಿಲ್ಲ. "ಬೈತಾರಾ?" ಅಂತ ಕೇಳಿದ. ಹೂಂ ಎಂದೆ. "ಬೈದ್ಮೇಲೆ ಸರಿ ಹೋಗುತ್ತೆ" ಅಂದ.

ಸಂಜೆ ನಾನೇ ಫೋನ್ ಮಾಡಿದೆ. ದನಿ ಇನ್ನೂ ಮೂಗಿನಲ್ಲೇ ಬರುತ್ತಿತ್ತು. "ಅಮ್ಮ" ಅಂದೆ, ಅಷ್ಟೇ. ಆ ಕಡೆ ಅಡಿಕೆ ಸುಲಿಯುವ ಸದ್ದು ನಿಂತಿತು.

"ಏನಾಯ್ತೇ? ಯಾಕೆ ಹಿಂಗೆ ಮಾತಾಡ್ತೀಯ?"

ಹೇಳಿದೆ. ಎಲ್ಲ ಹೇಳಿದೆ, ಬೇಸಿನ್ನಿನ ರಕ್ತದ ಸಮೇತ. ಅವಳು ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಗಂಜಿಗೆ ಉಪ್ಪು ಹಾಕಬಹುದಂತಾ?"

ಬುಧವಾರ ಬೆಳಗ್ಗೆ ಆರಕ್ಕೆ ಬಾಗಿಲಲ್ಲಿದ್ದಳು. ರಾತ್ರಿ ಬಸ್ಸು. ಚೀಲದಲ್ಲಿ ಗಂಜಿ ಅಕ್ಕಿ, ಬಾಟಲಿಯಲ್ಲಿ ತುಪ್ಪ, ಬೆರಳ ತುದಿಗಳಲ್ಲಿ ಇನ್ನೂ ಅಡಿಕೆ ಚೊಗರಿನ ಕಪ್ಪು. ಚಪ್ಪಲಿ ಬಿಟ್ಟವಳೇ ನನ್ನನ್ನು ಕಿಟಕಿ ಹತ್ತಿರ ಎಳೆದುಕೊಂಡು ಹೋಗಿ, "ಬಾಯಿ ತೆಗಿ" ಅಂದಳು. ಅಳಿಯನ ಕೈಯಲ್ಲಿ ಫೋನಿನ ಟಾರ್ಚ್ ಹಿಡಿಸಿದಳು. ವಾಸನೆ ಬರುತ್ತೆ ಅಮ್ಮ ಅಂತ ಬಾಯಿ ಮುಚ್ಚಿಕೊಂಡೆ. ಕೈ ತೆಗೆದು ಗಲ್ಲ ಹಿಡಿದಳು. ಬಗ್ಗಿ, ಒಂದು ಕಡೆ ನೋಡಿದಳು, ಇನ್ನೊಂದು ಕಡೆ ನೋಡಿದಳು. ನಾನು ಬಾಯಿ ತೆರೆದುಕೊಂಡೇ ಅತ್ತೆ. ಅವಳು ಗಲ್ಲ ಬಿಡಲಿಲ್ಲ.

ಮುಂದಿನ ತಪಾಸಣೆ ಇನ್ನೆರಡು ವಾರಕ್ಕೆ. ಹುಡುಗನಿಗೂ ಅದೇ ದಿನ ಬರಲು ಹೇಳಿದ್ದಾರೆ. ಅಡಿಕೆ ಅಪ್ಪ ನೋಡಿಕೊಳ್ಳುತ್ತಾರಂತೆ. ಅವತ್ತು ತಾನೂ ಆಸ್ಪತ್ರೆಗೆ ಬರುತ್ತೇನೆ ಅಂದಿದ್ದಾಳೆ ಅಮ್ಮ.